ಇಟ್ಟಿಗೆ ಇಟ್ಟು ಅಳೆದ ಕಟ್ಟೆ

(ಕಲಬುರಗಿಯ ನಮ್ಮ ಓಣಿಯ ಹೆಣ್ಣುಮಕ್ಕಳ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಅಡುಗೆಮನೆ ಒಡೆಸಿ ಕಟ್ಟಿಸಿದ ಅನುಭವ ಹೇಳ್ರಿ ಅಂತ ಕರೆದಿದ್ದೀರಿ. ನಾನು ಎಂಜಿನಿಯರ್ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆದರೆ ಏಳು ವಾರ ಗೌಂಡಿ, ಬಡಿಗ, ಪ್ಲಂಬರ್, ಎಲೆಕ್ಟ್ರಿಷಿಯನ್ ನಾಲ್ವರ ನಡುವೆ ನಿಂತು, ಒಂದೊಂದು ಇಂಚಿಗೂ ವಾದ ಮಾಡಿದ್ದೇನೆ. ಆ ಇಂಚುಗಳ ಲೆಕ್ಕ ನಿಮ್ಮ ಮುಂದಿಡುತ್ತೇನೆ.

ನಮ್ಮದು ಬ್ರಹ್ಮಪುರದ ಹಳೆ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಕಲ್ಲು ಮಣ್ಣಿನ ದಪ್ಪ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ ಕಲ್ಲು, ಅಡುಗೆಮನೆಗೆ ಒಂದು ಸಣ್ಣ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ. ಅಡುಗೆಮನೆ 11 ಅಡಿ ಉದ್ದ, 9 ಅಡಿ ಅಗಲ. ರಿಪೇರಿಗೆ ಕೈ ಹಾಕಿದ್ದು ಚೆಂದಕ್ಕಲ್ಲ. ಕಟ್ಟೆಯ ಕೆಳಗಿನ ಕಪಾಟಿಗೆ ಗೆದ್ದಲು ಹತ್ತಿತ್ತು. ಮೋರಿ ಸೋರಿ ಸೋರಿ ಒಂದು ಮೂಲೆಯ ಗೋಡೆ ಉಬ್ಬಿ, ಗಿಲಾವು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರುತ್ತಿತ್ತು. ಇವೆರಡಕ್ಕಿಂತ ದೊಡ್ಡ ಕಾರಣ ನಮ್ಮ ಅತ್ತೆಯವರ ಮೊಣಕಾಲು. ಅರವತ್ತು ವರ್ಷ ನೆಲದ ಮೇಲೆ ಕುಳಿತು ರೊಟ್ಟಿ ಬಡಿದವರಿಗೆ ಡಾಕ್ಟರು ಇನ್ನು ಕೆಳಗೆ ಕೂಡಬೇಡಿ ಅಂದರು. ಅವರೋ, ರೊಟ್ಟಿ ಬಿಡುವವರಲ್ಲ.

ಮೊದಲು ಒಂದು ಮಾಡ್ಯುಲರ್ ಕಿಚನ್ ಅಂಗಡಿಗೆ ಹೋದೆವು. ಹುಡುಗ ಕಂಪ್ಯೂಟರಿನಲ್ಲಿ ಅರ್ಧ ತಾಸಿನಲ್ಲಿ ಚಿತ್ರ ಬಿಡಿಸಿಬಿಟ್ಟ. ಕಟ್ಟೆ 34 ಇಂಚು ಎತ್ತರ, ಕೆಳಗೆ ಸಾಲಾಗಿ ಡ್ರಾಯರ್, ಮೇಲೆ ಚಿಮಣಿ. ಖರ್ಚು 4 ಲಕ್ಷ 80 ಸಾವಿರ. ನಮ್ಮ ಕೈಯಲ್ಲಿದ್ದದ್ದು ಎರಡೂವರೆ ಲಕ್ಷ. ರೊಕ್ಕದ ಮಾತು ಬಿಡಿ, ನನಗೆ ಚುಚ್ಚಿದ್ದು ಬೇರೆ. ಆ ಅರ್ಧ ತಾಸಿನಲ್ಲಿ ಅವನು ಬಣ್ಣ ಯಾವುದು, ಹಿಡಿಕೆ ಯಾವುದು ಅಂತ ಕೇಳಿದ. ಕೇಳಿದ್ದೆಲ್ಲ ನಮ್ಮ ಮನೆಯವರನ್ನು. ಈ ಮನೆಯಲ್ಲಿ ಅಡುಗೆ ಮಾಡುವವರು ಯಾರು, ಅವರ ಎತ್ತರ ಎಷ್ಟು, ದಿನಕ್ಕೆ ಎಷ್ಟು ರೊಟ್ಟಿ ಆಗುತ್ತವೆ ಅಂತ ಒಂದು ಮಾತೂ ಕೇಳಲಿಲ್ಲ. ಜೋಳದ ರೊಟ್ಟಿಯ ಊರಿನಲ್ಲಿ ಕೂತು ರೊಟ್ಟಿಯ ಹೆಸರೆತ್ತದೆ ಅಡುಗೆಮನೆ ಬರೆಯುವುದೆಂದರೆ ನನಗೆ ಇವತ್ತಿಗೂ ನಂಬಲಾಗುವುದಿಲ್ಲ.

ರೊಟ್ಟಿ ಯಾಕೆ ಇಷ್ಟು ಮುಖ್ಯ ಅಂದರೆ, ಅದರ ಕೆಲಸವೇ ಬೇರೆ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ, ಎಳೆದರೆ ಹಿಗ್ಗುತ್ತದೆ, ಲಟ್ಟಿಸಿದರೆ ಚಪಾತಿ ಆಯಿತು. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ಎಸರು ಹಾಕಿ ಹಿಟ್ಟು ಕಲಸಿ, ಅಂಗೈಯ ಹಿಮ್ಮಡಿಯಿಂದ ಒತ್ತಿ ಒತ್ತಿ ನಾದಿ, ಆಮೇಲೆ ಬಡಿದು ತಿರುಗಿಸಬೇಕು. ಇದಕ್ಕೆ ಬೇಕಾದ ಬಲ ಬರುವುದು ಬೆನ್ನು ಭುಜಗಳಿಂದ, ಮೈಯ ಭಾರದಿಂದ. ಕೆಲಸದ ಎತ್ತರದ ಬಗ್ಗೆ ಒಂದು ಸರಳ ಲೆಕ್ಕ ಇದೆ: ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ಕಟ್ಟೆ ಮೊಳಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಭಾರ ಹಾಕಿ ಒತ್ತುವ ಕೆಲಸಕ್ಕೆ ಅದಕ್ಕೂ ಕೆಳಗೆ, ಆರು ಇಂಚಿನಿಂದ ಒಂದು ಅಡಿಯವರೆಗೂ ಇಳಿಯಬಹುದು. ಕಟ್ಟೆ ಎತ್ತರವಾದರೆ ಮೊಳಕೈ ಮೇಲೇಳುತ್ತದೆ, ಮೈಭಾರ ಹಿಟ್ಟಿಗೆ ಇಳಿಯುವುದಿಲ್ಲ, ಇಡೀ ಕೆಲಸ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅತ್ತೆಯವರ ಎತ್ತರ 4 ಅಡಿ 9 ಇಂಚು. ನಾನು 5 ಅಡಿ 4 ಇಂಚು. ಇಬ್ಬರಿಗೂ ಒಂದೇ ಕಟ್ಟೆ ಹೇಗೆ ಸರಿಹೋಗಬೇಕು?

ಲೆಕ್ಕ ಹೇಳಿದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಅದಕ್ಕೆ ಹಿತ್ತಲಿನಲ್ಲಿ ಒಂದು ಪ್ರಯೋಗ ಮಾಡಿದೆ. ಗೌಂಡಿ ತಂದು ಹಾಕಿದ್ದ ಇಟ್ಟಿಗೆ ಮೂರಿಂಚು ದಪ್ಪ. ಹನ್ನೊಂದು ಸಾಲು ಪೇರಿಸಿ ಮೇಲೆ ಒಂದಿಂಚಿನ ಫರಸಿ ಇಟ್ಟೆವು. ಅಂಗಡಿಯವನು ಹೇಳಿದ 34 ಇಂಚು ಆಯಿತು. ಅತ್ತೆಯವರನ್ನು ಮುಂದೆ ನಿಲ್ಲಿಸಿ ನಿಜವಾದ ಹಿಟ್ಟನ್ನೇ ಕೊಟ್ಟೆ. ಎರಡು ಸಲ ತಟ್ಟಿ ಕೈ ತೆಗೆದರು. "ಇದರ ಮ್ಯಾಲ ರೊಟ್ಟಿ ಬಡೀಬೇಕಂದ್ರ ನಾ ಮಣಿ ಮ್ಯಾಲ ಏರಿ ನಿಂದ್ರಬೇಕಾಗ್ತದ" ಅಂದರು. ಒಂದು ಸಾಲು ತೆಗೆದೆವು, 31 ಇಂಚು. ಅರ್ಧ ರೊಟ್ಟಿಯಾಗುವಷ್ಟರಲ್ಲಿ ಎಡಗೈಯಿಂದ ಬಲಭುಜ ಒತ್ತಿಕೊಂಡರು. "ಬಡೀಬಹುದು, ಆದ್ರ ಇಲ್ಲಿ ಜಗ್ಗಲತ್ತದ." ಇನ್ನೊಂದು ಸಾಲು ತೆಗೆದೆವು, 28 ಇಂಚು. ಈ ಸಲ ಏನೂ ಅನ್ನಲಿಲ್ಲ. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗಿ ಫರಸಿಯ ಅಂಚಿನವರೆಗೆ ಬಂತು. ಅದನ್ನು ಎತ್ತಿ ನನ್ನ ಕೈಗೆ ಹಾಕಿ, "ಇನ್ನೊಂದ ಉಂಡಿ ಕೊಡು" ಅಂದರು. ಗೌಂಡಿ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಟೇಪು ತೆಗೆದು ತಾನೇ ಅಳೆದುಕೊಂಡ.

ಅಳೆದುಕೊಂಡನೇ ಹೊರತು ಮನಸ್ಸು ಒಪ್ಪಲಿಲ್ಲ. "ಅಕ್ಕೋರೆ, ಒಂದ ಅಡುಗಿಮನ್ಯಾಗ ಎರಡ ಎತ್ತರ ಕಟ್ಟಿ ನಾ ಎಲ್ಲೂ ಕಟ್ಟಿಲ್ರಿ. ನೋಡ್ಲಾಕ ಚೊಲೋ ಕಾಣಂಗಿಲ್ಲ" ಅಂದ. ಆದರೂ ನಾವು ಎರಡು ಎತ್ತರದ್ದೇ ಕಟ್ಟಿಸಿದೆವು. ಉದ್ದನೆಯ ಗೋಡೆಗೆ 33 ಇಂಚಿನ ಕಟ್ಟೆ: ಹೆಚ್ಚುವುದು, ಮಿಕ್ಸರ್, ತೊಳೆಯುವುದು ಎಲ್ಲ ಅಲ್ಲಿ. ಅಡ್ಡ ಗೋಡೆಗೆ 28 ಇಂಚಿನ ಕಟ್ಟೆ, ಐದೂವರೆ ಅಡಿ ಉದ್ದ: ಗ್ಯಾಸ್ ಒಲೆ ಮತ್ತು ರೊಟ್ಟಿ ಬಡಿಯುವ ಜಾಗ ಒಟ್ಟಿಗೇ. ಬಡಿದ ಹಸಿ ರೊಟ್ಟಿಯನ್ನು ಹೊತ್ತು ದೂರ ಹೋಗಲಾಗದು, ಹಂಚು ಕೈಯಳತೆಯಲ್ಲೇ ಇರಬೇಕು. ಒಲೆ ತಗ್ಗಿನಲ್ಲಿದ್ದರೆ ಎತ್ತರದ ಪಾತ್ರೆಯೊಳಗೆ ಸೌಟು ಆಡಿಸುವುದೂ ಸುಲಭ, ಅದು ನನಗೂ ಒಳ್ಳೆಯದೇ ಆಯಿತು. ಕಳೆದುಕೊಂಡದ್ದೂ ಇದೆ. ಎರಡು ಕಟ್ಟೆ ಸೇರುವಲ್ಲಿ ಐದು ಇಂಚಿನ ಮೆಟ್ಟಿಲು. ಪಾತ್ರೆಯನ್ನು ಅಲ್ಲಿಂದಿಲ್ಲಿಗೆ ಸರಿಸಲಾಗುವುದಿಲ್ಲ, ಎತ್ತಿಯೇ ಇಡಬೇಕು. ಹಿಟ್ಟು ಹೋಗಿ ಆ ಮೂಲೆಯಲ್ಲೇ ಕೂಡುತ್ತದೆ, ದಿನಾ ಒರೆಸಬೇಕು.

ಇನ್ನೂ ತಗ್ಗಿಸಿ, ಸ್ಟೂಲಿನ ಮೇಲೆ ಕುಳಿತೇ ಮಾಡುವಂತೆ ಕಟ್ಟಿಸಬಾರದಿತ್ತೇ ಅಂತ ಕೆಲವರು ಕೇಳಿದ್ದಾರೆ. ಅಲ್ಲಿ ಅಡ್ಡ ಬಂದದ್ದು ಸಿಲಿಂಡರ್. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ಹರಡುತ್ತದೆ. ಅದಕ್ಕೇ ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. 14.2 ಕಿಲೋ ಸಿಲಿಂಡರ್ ಹೆಚ್ಚುಕಡಿಮೆ ಎರಡು ಅಡಿ ಎತ್ತರ ಇರುತ್ತದೆ, ಅದರ ಮೇಲೆ ರೆಗ್ಯುಲೇಟರ್. 28 ಇಂಚಿನ ಕಟ್ಟೆಯ ಮೇಲೆ ಒಲೆಯಿಟ್ಟರೆ ಸರಿಯಾಗುತ್ತದೆ, ಅದಕ್ಕಿಂತ ಇಳಿದರೆ ಅಪಾಯಕ್ಕೆ ಹತ್ತಿರ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರೊಟ್ಟಿಗಾಗಿ ಒಲೆಯನ್ನು ನೆಲಕ್ಕಿಟ್ಟು ಪಕ್ಕದಲ್ಲೇ ಸಿಲಿಂಡರ್ ನಿಲ್ಲಿಸಿಕೊಂಡು ಕೂಡುತ್ತಾರೆ. ದಯವಿಟ್ಟು ಬೇಡ. ಸಿಲಿಂಡರ್ ಕಪಾಟಿನಲ್ಲಿಟ್ಟರೆ ಬಾಗಿಲಿನ ಕೆಳತುದಿಗೆ ಜಾಲರಿ ಹಾಕಿಸಿ, ರಬ್ಬರ್ ನಳಿಕೆ ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಿ.

ಈಗ ಗೋಡೆಯ ಮಾತು. ಮಗನಿಗೆ ಅಡುಗೆಮನೆ ಮತ್ತು ಪಡಸಾಲೆಯ ನಡುವಿನ ಗೋಡೆ ತೆಗೆಸಿ ಎಲ್ಲ ಒಂದೇ ಮಾಡುವ ಆಸೆ. ನನಗೂ ಇತ್ತು. ಒಳಗೆ ಬೆಳಕು ಬರುತ್ತದೆ, ಅಡುಗೆ ಮಾಡುವವಳು ಒಂಟಿಯಾಗಿ ಹಿಂದೆ ಉಳಿಯುವುದಿಲ್ಲ. ಆದರೆ ಅದು ಮಾಳಿಗೆ ಹೊತ್ತ ಗೋಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಮಂದಿ ಸತ್ತರಲ್ಲ, ಅಲ್ಲಿ ಬಿದ್ದ ಮನೆಗಳು ನಮ್ಮ ಮನೆಗಳಂಥವೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಅಂಥ ಗೋಡೆಗೆ ಒಳಮೈ ಹೊರಮೈ ಅಂತ ಎರಡು ಪದರ ಇರುತ್ತವೆ. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ನಡುನಡುವೆ ಇಲ್ಲದಿದ್ದರೆ ಗೋಡೆ ಹೊಟ್ಟೆ ಬಿರಿದಂತೆ ಬಿಚ್ಚಿಕೊಳ್ಳುತ್ತದೆ. 2021ರ ಅಕ್ಟೋಬರಿನಲ್ಲಿ ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿ ಜನ ರಾತ್ರಿ ಮನೆಯ ಹೊರಗೆ ಮಲಗಿದ್ದು ನಿಮಗೆಲ್ಲ ನೆನಪಿದೆ. ಗೌಂಡಿ "ಒಂದ ಗರ್ಡರ್ ಕೊಟ್ರ ಮುಗೀತ್ರಿ" ಅಂದ. ನಾನು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿದೆ. ಅವರು ಗೋಡೆಯನ್ನು ಎರಡು ಕಡೆ ಕೆದಕಿಸಿ ನೋಡಿ, ಬೇಡ ಅಂದರು. ಅವರ ಸಲಹೆಯಂತೆ ಗೋಡೆಯಲ್ಲಿ ಮೊದಲೇ ಇದ್ದ ದೀಪದ ಗೂಡನ್ನು ಅಗಲಿಸಿ, ಮೇಲೆ ಪೂರ್ತಿ ದಪ್ಪಕ್ಕೆ ಕಾಂಕ್ರೀಟ್ ಲಿಂಟಲ್ ಕೊಟ್ಟು, ಎರಡೂವರೆ ಅಡಿಯ ಕಿಂಡಿ ಮಾಡಿದೆವು. ಈಗ ತಾಟು ಆ ಕಿಂಡಿಯಿಂದ ಹೋಗುತ್ತದೆ, ಮಾತು ಆ ಕಿಂಡಿಯಿಂದ ಬರುತ್ತದೆ. ಗೋಡೆ ನಿಂತಿದೆ.

ಕಲ್ಲು ಮಣ್ಣಿನ ಗೋಡೆಯ ಇನ್ನೊಂದು ಗುಣ: ಅದು ತೇವ ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಿಲಾವು ಬಡಿದರೆ ತೇವ ಹೊರಬರಲಾಗದೆ ಒಳಗೇ ಸಿಕ್ಕಿಕೊಂಡು, ಉಪ್ಪು ಮೇಲೆದ್ದು ಗಿಲಾವನ್ನೇ ಕಿತ್ತು ಹಾಕುತ್ತದೆ. ಮೋರಿ ಮೂಲೆಯಲ್ಲಿ ಆಗಿದ್ದು ಅದೇ. ಹಿಂದೊಮ್ಮೆ ರಿಪೇರಿಗೆ ಬಂದವರು ಸುಣ್ಣ ಕೆರೆದು ಸಿಮೆಂಟ್ ಮೆತ್ತಿ ಹೋಗಿದ್ದರು. ಈ ಸಲ ಕಟ್ಟೆಯಿಂದ ಎರಡು ಅಡಿ ಮಾತ್ರ ಟೈಲ್ಸ್, ಉಳಿದದ್ದಕ್ಕೆ ಸುಣ್ಣದ ಗಿಲಾವು. ಅಂಥ ಗೋಡೆಯನ್ನು ಕೊರೆದು ವೈರ್ ಹುಗಿಯುವುದೂ ಸರಿಯಲ್ಲ, ಕಲ್ಲು ಸಡಿಲಾಗುತ್ತವೆ. ವೈರೆಲ್ಲ ಮೇಲ್ಗಡೆಯೇ ಕೇಸಿಂಗ್ ಪಟ್ಟಿಯಲ್ಲಿ ಹೋಗಿವೆ. ಕಣ್ಣಿಗೆ ಕಾಣುತ್ತವೆ, ಕಾಣಲಿ. ಇಂಡಕ್ಷನ್ ಒಲೆಗೆ 16 ಆಂಪಿಯರ್ ಸಾಕೆಟ್, 4 ಚದರ ಮಿಲಿಮೀಟರ್ ತಂತಿ, ಇಡೀ ಅಡುಗೆಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿದು ಹಾಕುವ ಸ್ವಿಚ್ಚು. ಹಸಿ ಕೈಯ ಕೆಲಸದ ಜಾಗ, ಇಲ್ಲಿ ಉಳಿತಾಯ ಮಾಡಬೇಡಿ.

ನೆಲಕ್ಕೆ ಬರೋಣ. ಗೌಂಡಿ, ಬಡಿಗ, ಬಂದು ಹೋದ ನೆಂಟರು ಎಲ್ಲರದೂ ಒಂದೇ ಮಾತು: ಫರಸಿ ಕಿತ್ತು ಟೈಲ್ಸ್ ಹಾಕಿಸಿ. ನಾನು ಒಪ್ಪಲಿಲ್ಲ. ನಮ್ಮ ಜಿಲ್ಲೆಯ ಸುಣ್ಣದ ಕಲ್ಲು ಅದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ನೆಲದಡಿ ಪದರ ಪದರವಾಗಿ ಮಲಗಿರುವ ಕಲ್ಲು. ಪದರ ಎಬ್ಬಿಸಿದರೆ ಫರಸಿ, ಸುಟ್ಟು ಬೀಸಿದರೆ ಸಿಮೆಂಟ್. ಏಪ್ರಿಲ್ ಮೇ ತಿಂಗಳ 43, 44 ಡಿಗ್ರಿಯ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿದವರಿಗೆ ಗೊತ್ತು ಅದರ ತಂಪು. ನೀರು ಬಿದ್ದರೂ ನುಣುಪು ಟೈಲ್ಸಿನಷ್ಟು ಜಾರುವುದಿಲ್ಲ, ಎಂಬತ್ತು ದಾಟಿದವರು ಓಡಾಡುವ ಮನೆಯಲ್ಲಿ ಅದೂ ದೊಡ್ಡ ಮಾತು. ಮೋರಿಯ ಬಳಿ ಕುಸಿದ ಆರು ಕಲ್ಲು ಎಬ್ಬಿಸಿದೆವು. ಕೆಳಗಿನ ಮುರುಮು, ಅಂದರೆ ಗರಸು ಮಣ್ಣು, ಕೊಚ್ಚಿ ಹೋಗಿ ಎರೆಮಣ್ಣಿಗೆ ನೀರು ಮುಟ್ಟಿತ್ತು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮೇಲಿನ ಕಲ್ಲು ನೆಟ್ಟಗಿರುವುದು ಹೇಗೆ? ಮಣ್ಣು ತೆಗೆಸಿ, ಹೊಸ ಮುರುಮು ಹಾಕಿ ದಮ್ಮಸು ಮಾಡಿಸಿ, ಅವೇ ಕಲ್ಲು ಮತ್ತೆ ಕೂಡಿಸಿದೆವು.

ಹಾಗಾದರೆ ಕಟ್ಟೆಗೂ ಅದನ್ನೇ ಹಾಕಬಹುದಲ್ಲ ಅಂತ ನಮ್ಮ ಮನೆಯವರು ಕೇಳಿದರು. ಅದಾಗದು. ಒಂದು ತುಂಡು ಫರಸಿಯ ಮೇಲೆ ನಿಂಬೆಹಣ್ಣಿನ ಹೋಳನ್ನು ಬೋರಲು ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ತೆಗೆದರೆ ಹೋಳಿನಷ್ಟೇ ಗುಂಡಗೆ ಮಂಕು ಕಲೆ, ಬೆರಳಿಗೆ ಒರಟು ಹತ್ತುತ್ತಿತ್ತು. ಸುಣ್ಣದ ಕಲ್ಲಿಗೆ ಹುಳಿ ವೈರಿ. ಹುಣಸೆ, ನಿಂಬೆ, ಟೊಮ್ಯಾಟೊ ದಿನಾ ಬೀಳುವ ಕಟ್ಟೆಗೆ ಗ್ರಾನೈಟೇ ಸೈ. ಫರಸಿ ನೆಲ ಇದ್ದವರು ಆ್ಯಸಿಡ್ ಹಾಕಿ ತೊಳೆಯಬೇಡಿ, ಕಲ್ಲನ್ನೇ ತಿಂದು ಹಾಕುತ್ತದೆ. ಗ್ರಾನೈಟಿಗೆ ಕೆಳಗಿನಿಂದ ಆಸರೆ ಬೇಕು. ರೊಟ್ಟಿ ಬಡಿಯುವ ಜಾಗದ ನೇರ ಕೆಳಗೆ ಒಂದು ಅಡ್ಡ ಗೋಡೆ ಏಳಿಸಿದ್ದೇವೆ, ಇಲ್ಲದಿದ್ದರೆ ದಿನದಿನದ ಬಡಿತಕ್ಕೆ ಕಲ್ಲು ಬಿರುಕು ಬಿಟ್ಟೀತು ಅನ್ನುವ ಭಯ.

ಕಟ್ಟೆಯ ಕೆಳಗೆ ಪ್ಲೈವುಡ್ ಬೇಡವೆಂದೆ. ಗೆದ್ದಲು ಒಮ್ಮೆ ದಾರಿ ಕಂಡುಕೊಂಡ ಮನೆ ಅದು. ಕಡಪ ಕಲ್ಲಿನ ರ‍್ಯಾಕ್ ಮಾಡಿಸಿದೆವು. ಹಳೆ ಕಾಲದ್ದು ಕಾಣುತ್ತದೆ, ಮಗಳಿಗೆ ಬೇಜಾರಾಯಿತು, ಅವಳಿಗಾಗಿ ಒಂದು ಕಡೆ ಮಾತ್ರ ಎಳೆಯುವ ಸ್ಟೀಲ್ ಬುಟ್ಟಿ ಹಾಕಿಸಿದೆ. ರ‍್ಯಾಕ್ ಕಟ್ಟುವ ಮೊದಲು ಎಲ್ಲ ಪಾತ್ರೆಗಳನ್ನು ಅಂಗಳದಲ್ಲಿಟ್ಟು ಟೇಪು ಹಿಡಿದು ಅಳೆದೆ. ಹಿಟ್ಟು ನಾದುವ ಪರಾತದ ಅಗಲ 18 ಇಂಚು. ಅಂಗಡಿಯವನ ಚಿತ್ರದ ಯಾವ ಡ್ರಾಯರಿನಲ್ಲೂ ಅದು ಹಿಡಿಸುತ್ತಿರಲಿಲ್ಲ. ವರ್ಷದ ಜೋಳ, ವರ್ಷದ ತೊಗರಿ ಬೇಳೆ ಒಟ್ಟಿಗೇ ತಂದಿಡುವ ಮನೆ ನಮ್ಮದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಗೆ ನಮ್ಮ ಅಡುಗೆಮನೆಯಲ್ಲೇ ಜಾಗ ಇಲ್ಲ ಅಂದರೆ ಹೇಗೆ? ದೊಡ್ಡ ಡಬ್ಬಿಗಳಿಗೆ ಕೆಳಗಿನ ಖಾನೆ ಎರಡು ಅಡಿ ಎತ್ತರ ಬಿಟ್ಟಿದ್ದೇವೆ. ಒಣಗಿಸಿಟ್ಟ ಕಟಕ ರೊಟ್ಟಿಯ ಬುಟ್ಟಿಗೆ ಗಾಳಿಯಾಡುವ ತೆರೆದ ಖಾನೆ, ಬಾಗಿಲಿಲ್ಲ.

ಮನಸ್ಸಿಗೆ ಇನ್ನೂ ಹಿಡಿಸದಿರುವುದು ಸಿಂಕ್. ಕಿಟಕಿಯ ಕೆಳಗೆ ಬೇಕಿತ್ತು. ಹೊರಗಿನ ಬೇವಿನ ಮರ ನೋಡುತ್ತ ಪಾತ್ರೆ ತೊಳೆಯಬೇಕೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಆದರೆ ಮೋರಿ ಎದುರು ಮೂಲೆಯಲ್ಲಿದೆ. ಪೈಪ್ ಅಲ್ಲಿಗೆ ಹೋಗಬೇಕಾದರೆ ಫರಸಿಯೆಲ್ಲ ಎಬ್ಬಿಸಬೇಕು, ಹತ್ತು ಅಡಿ ಉದ್ದಕ್ಕೂ ಇಳಿಜಾರು ಕೊಡಬೇಕು, ಮತ್ತೆ ನೆಲದಡಿ ಸೋರಿದರೆ ಎರೆಮಣ್ಣಿಗೆ ನೀರು. ಬಿಟ್ಟುಕೊಟ್ಟೆ. ಸಿಂಕ್ ಹಳೆಯ ಮೂಲೆಯಲ್ಲೇ ಇದೆ, ನಾನು ಗೋಡೆ ನೋಡುತ್ತ ತೊಳೆಯುತ್ತೇನೆ.

ಚಿಮಣಿ ಹಾಕಿಸಲಿಲ್ಲ. ಕಿಟಕಿಯೆದುರಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂಡಿಸಿದ್ದೇವೆ, ಬೆಳಕಿಂಡಿಗೆ ಜಾಲರಿ ಹಾಕಿ ತೆರೆದಿಟ್ಟಿದ್ದೇವೆ. ಸೀಲಿಂಗ್ ಫ್ಯಾನ್ ಹಾಕಿದರೆ ಉರಿ ಆರುತ್ತದೆ, ಹಿಟ್ಟು ಹಾರುತ್ತದೆ. ಬೇಸಿಗೆಯಲ್ಲಿ ಕಷ್ಟವಿದೆ, ಅದಕ್ಕೆ ನನಗೆ ಪರಿಹಾರ ಸಿಕ್ಕಿಲ್ಲ. ರೊಟ್ಟಿ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಸುತ್ತೇವೆ, ಅಷ್ಟೇ.

ಆ ಏಳು ವಾರ ಪಡಸಾಲೆಯೇ ಅಡುಗೆಮನೆ. ನಡುವೆ ಶರಣಬಸವೇಶ್ವರ ಜಾತ್ರೆ ಬಂತು, ಗೌಂಡಿ ಆಳುಗಳು ಐದು ದಿನ ಬರಲಿಲ್ಲ. ನಳ ಬರುವುದು ನಾಲ್ಕು ದಿನಕ್ಕೊಮ್ಮೆ, ಹಸಿ ಸಿಮೆಂಟಿಗೆ ಮಾತ್ರ ದಿನಾ ನೀರು ಹೊಡೆಯಬೇಕು. ಬೋರಿನ ನೀರು ಕೊಡದಲ್ಲಿ ಹೊತ್ತು ಹೊಡೆದೆವು. ಕೊನೆಗೆ ಖರ್ಚು 3 ಲಕ್ಷ 10 ಸಾವಿರಕ್ಕೆ ನಿಂತಿತು.

ಇನ್ನೊಂದು ವಿಷಯ ಹೇಳದೆ ಹೋದರೆ ಈ ಮಾತು ಪ್ರಾಮಾಣಿಕವಾಗುವುದಿಲ್ಲ. ಕಟ್ಟೆ ಕಟ್ಟಿಸಿದ ಎರಡನೇ ವರ್ಷಕ್ಕೆ ಅತ್ತೆಯವರ ಕೈ ನಡುಗತೊಡಗಿತು. ದಿನದ ರೊಟ್ಟಿಗೆ ಒಬ್ಬ ಹೆಣ್ಣುಮಗಳನ್ನು ಹಚ್ಚಿದೆವು. ಗಟ್ಟಿ ಆಳು, ನನಗಿಂತ ಎತ್ತರ. ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾ ಕೊಡಲು ಹೋದಾಗ ಕಣ್ಣಿಗೆ ಬಿತ್ತು: ಅವಳು ಎರಡೂ ಕಾಲು ಅಗಲಿಸಿ, ಸೀರೆಯ ನೆರಿಗೆ ಬಿಗಿಯುವಷ್ಟು ಅಗಲಿಸಿ ನಿಂತು ತನ್ನ ಎತ್ತರ ಇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. "ಬೆನ್ನ ನೋಯಂಗಿಲ್ಲೇನ ಯವ್ವಾ?" ಅಂದೆ. "ಇರ್ಲಿ ಬಿಡ್ರಿ ಅಕ್ಕೋರೆ, ನಮಗ ರೂಢಿ ಅದ" ಅಂದಳು. ನನಗೆ ಆ ಅಂಗಡಿಯ ಅರ್ಧ ತಾಸು ನೆನಪಾಯಿತು. ಯಾರೂ ನಮ್ಮನ್ನು ಕೇಳಲಿಲ್ಲ ಅಂತ ನೊಂದುಕೊಂಡವಳು ನಾನು. ಮೂರು ತಿಂಗಳು ನನ್ನ ಕಟ್ಟೆಯ ಮುಂದೆ ನಿಂತವಳನ್ನು ನಾನೂ ಕೇಳಿರಲಿಲ್ಲ.

ಅವತ್ತೇ ಹಿತ್ತಲಿಗೆ ಹೋಗಿ ಉಳಿದಿದ್ದ ಇಟ್ಟಿಗೆ ತಂದೆ. ತಗ್ಗಿನ ಕಟ್ಟೆಯ ಮೇಲೆ ಒಂದು ಸಾಲು ಇಟ್ಟು, ಫರಸಿ ಇಟ್ಟು, ಅವಳ ಕೈಗೆ ಹಿಟ್ಟು ಕೊಟ್ಟೆ. ನಾಲ್ಕು ಇಂಚು ಏರಿಸಿದಾಗ ಅವಳ ಕಾಲುಗಳು ತಾವಾಗಿ ಜೋಡಿಯಾದವು. ಬಡಿಗನಿಂದ ನಾಲ್ಕು ಇಂಚು ಎತ್ತರದ ಸಾಗುವಾನಿ ಮಣೆ ಮಾಡಿಸಿ, ಜಾರದಂತೆ ಕೆಳಗೆ ರಬ್ಬರ್ ಅಂಟಿಸಿದೆವು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಅತ್ತೆಯವರಿಗೆ ರೊಟ್ಟಿ ಬಡಿಯುವ ಮನಸ್ಸಾದರೆ ಆ ಮಣೆ ಎಲ್ಲಿಡ್ತೀರಿ? ಎರಡು ಕಟ್ಟೆ ಸೇರುವ ಐದಿಂಚಿನ ಮೆಟ್ಟಿಲಿದೆಯಲ್ಲ, ಗೌಂಡಿಗೆ ಚೆಂದ ಕಾಣದಿದ್ದದ್ದು, ಅದರ ಮೂಲೆಗೆ ಒರಗಿಸಿ ನಿಲ್ಲಿಸುತ್ತೇವೆ. ಹೋದ ಎಳ್ಳ ಅಮವಾಸ್ಯೆಯ ನಸುಕಿನಲ್ಲಿ ಅತ್ತೆಯವರು ಸಜ್ಜೆ ರೊಟ್ಟಿ ತಾವೇ ಬಡಿಯುತ್ತೇನೆಂದು ಹಟ ಹಿಡಿದರು. ಅವಳು ಮಣೆ ಎತ್ತಿ ಮೂಲೆಗಿಟ್ಟು, ಹಂಚಿನ ಮುಂದೆ ಸರಿದು ನಿಂತಳು. ಅತ್ತೆಯವರು ನಾಲ್ಕು ರೊಟ್ಟಿ ಬಡಿದರು, ಅವಳು ಬೇಯಿಸಿದಳು. ಐದನೆಯದಕ್ಕೆ ಅತ್ತೆಯವರು ಪಕ್ಕಕ್ಕೆ ಸರಿದು, "ಇನ್ನ ನಿನ್ನ ಮಣಿ ತಂದಿಡು" ಅಂದರು.